ಜೂಮ್ ಇಲ್ಲದ ಲೆನ್ಸು

"ಅಲ್ಲಾಡಬ್ಯಾಡ್ರೀ!"

ಆ ಕೂಗಿಗೆ ಗಜೇಂದ್ರಗಡದ ಗುಡ್ಡದ ಮೇಲಿನ ಗಾಳಿಯಂತ್ರಗಳೆಲ್ಲ ತಿರುಗುವುದನ್ನೇ ಮರೆತು ನಿಂತವು! ಸುಳ್ಳಲ್ಲ, ಬೇಕಾದರೆ ರೋಣದವರನ್ನು ಕೇಳಿ. ಅಲ್ಲಿಗೂ ಕೇಳಿಸಿತ್ತು.

ಹುಲ್ಲಿನ ಮೇಲೆ ಬೋರಲು ಮಲಗಿ ಜೀರುಂಡೆಯ ಫೋಟೊ ತೆಗೆಯುತ್ತಿದ್ದ ಬನಶ್ರೀ ಕಲ್ಲಾದಳು. ಹಾವೇ ಇರಬೇಕು... ಮುಗೀತು ನನ್ನ ಕಥಿ!

ದೂರದ ಬಂಡೆಯ ಹಿಂದಿನಿಂದ, ಒನಕೆಯುದ್ದದ ಲೆನ್ಸು ಹೊತ್ತ ಯುವಕನೊಬ್ಬ ಎದ್ದ. "ಥ್ಯಾಂಕ್ಸ್ ರೀ. ನಿಮ್ಮ ಹಿಂದ ಗಿಡುಗ ಕುಂತಿತ್ತು. ಫೋಟೊ ಭಾಳ ಚಲೋ ಬಂತು."

"ಒಂದ್ ಗಿಡುಗದ ಸಲುವಾಗಿ ನನ್ನ ಜೀವಾ ತೆಗೀತಿದ್ರೇನ್ರೀ?"

ಸವಡಿಯ ದ್ಯಾಮೇಶ ಅವಳ ಬದುಕಿನೊಳಗೆ ಬಂದದ್ದು ಹೀಗೆ.

ಅಂದಿನಿಂದ ಪ್ರತಿ ಭಾನುವಾರ ಗುಡ್ಡದ ಮೇಲೆ ಮಹಾಯುದ್ಧ.

"ನಿಮ್ಮ ಮ್ಯಾಕ್ರೋ ಲೆನ್ಸು ಹುಳದ ಮೀಸಿ ಎಣಸಾಕಷ್ಟ ಚಲೋ," ಎನ್ನುವನು ದ್ಯಾಮೇಶ. "ನನ್ನ ಟೆಲಿಫೋಟೊ ಜೂಮ್ ನೋಡ್ರಿ, ಕೊಣ್ಣೂರ ಸೇತುವಿ ಮ್ಯಾಲ ಯಾರು ಹೊಂಟಾರ ಅಂತ ಇಲ್ಲೇ ಕುಂತು ಹೇಳತೈತಿ!"

"ದೂರಂದೆಲ್ಲಾ ಕಾಣತೈತಿ, ಮುಂದ ನಿಂತವರಷ್ಟ ಮಬ್ಬು!" ಎನ್ನುವಳು ಬನಶ್ರೀ.

ಬಾಯಿ ಜಗಳವಾಡುತ್ತಿದ್ದರೂ ಅವಳ ಎದೆ ತುಂಬಿದ ಮಲಪ್ರಭೆಯಂತೆ ದಡ ಮೀರುತ್ತಿತ್ತು. ಆದರೆ ಒಂದೇ ಕೊರಗು. ಅವಳು ಒಂದು ಹೆಜ್ಜೆ ಹತ್ತಿರ ಹೋದರೆ ಅವನು ಎರಡು ಹೆಜ್ಜೆ ಹಿಂದೆ! ಕ್ಯಾಮೆರಾ ಚೀಲದಲ್ಲಿದ್ದಾಗಲೂ!

ಅವಳೋ ನೇಕಾರರ ಮಗಳು. ಅವಳ ಮನೆಯಲ್ಲಿ ಮೆಚ್ಚಿದ ಸೀರೆಯನ್ನು ಕಣ್ಣ ಹತ್ತಿರ ಹಿಡಿದು ಎಳೆ ಎಳೆಯಾಗಿ ನೋಡುತ್ತಾರೆ. ಬೇಡವಾದದ್ದನ್ನಷ್ಟೇ ದೂರ ಸರಿಸುತ್ತಾರೆ.

'ಹಂಗಾರ ನಾ ಬ್ಯಾಡಾದಾಕಿ...'

ಒಂದು ಭಾನುವಾರ ಅಪ್ಪ ಪರಶಪ್ಪ ಮಗ್ಗದಿಂದ ತಲೆಯೆತ್ತಿ ಕೇಳಿದ. "ನರಗುಂದದಿಂದ ಸಂಬಂಧ ಬಂದೈತವಾ. ಸಂಜಿಗೆ ಅವರಿಗೆ ಹೂಂ ಅನ್ನಲೋ, ಬ್ಯಾಡ ಅನ್ನಲೋ... ನೀನ ಹೇಳು."

ಅವಳು ಗುಡ್ಡ ಹತ್ತಿದ ವೇಗಕ್ಕೆ ಮೆಟ್ಟಿಲುಗಳೇ ಏದುಸಿರು ಬಿಟ್ಟವು. ನೇರ ದ್ಯಾಮೇಶನ ಬಳಿಗೆ ಹೋಗಿ, ಅವನ ಉದ್ದ ಲೆನ್ಸನ್ನು ಬಿಚ್ಚಿಟ್ಟು, ತನ್ನದನ್ನು ಅವನ ಕ್ಯಾಮೆರಾಕ್ಕೆ ಕೂರಿಸಿದಳು.

"ನನ್ನ ಕಣ್ಣಿನ ಫೋಟೊ ತೆಗೀರಿ. ಬರೇ ಕಣ್ಣು."

ಎಂದಿನಂತೆ ಎರಡು ಹೆಜ್ಜೆ ಹಿಂದೆ ಸರಿದು ಅವನು ಲೆನ್ಸು ತಿರುವಿದ. "ಜೂಮ್ ಎಲ್ಲೈತ್ರಿ?"

"ಇದಕ್ಕ ಜೂಮ್ ಇಲ್ಲ. ನೀವ ನಡದ ಬರಬೇಕು."

ಅವನು ನಿಂತಲ್ಲೇ ನಿಂತ. ಅವಳ ಕಣ್ಣು ತುಂಬಿತು.

"ಅಷ್ಟು ಬ್ಯಾಡಾಗೇನೇನ್ರೀ ನಾ? ಇವತ್ತ ಹೇಳಿಬಿಡ್ರಿ... ಸಂಜಿಗೆ ನಾ ಅಪ್ಪಗ ಉತ್ತರಾ ಕೊಡಬೇಕು. ನರಗುಂದದವ್ರು ನನ್ನ ಕೇಳ್ಯಾರ."

"ಬ್ಯಾಡ?" ದ್ಯಾಮೇಶನ ದನಿ ಒಡೆಯಿತು. "ಹಕ್ಕಿ ಹಿಂದ ತಿರಗಿ ತಿರಗಿ ಒಂದ ಕಲತೀನಿ ಬನಶ್ರೀ. ಮನಸಿಗೆ ಬಂದದ್ದರ ಹತ್ರ ಹೋಗಬಾರದು... ಹಾರಿ ಹೋಗತೈತಿ. ನೀವು ಹಾರಿ ಹೋದ್ರ ನಾ ಏನ್ ಮಾಡ್ಲಿ?"

ಅವಳು ಅಳುತ್ತಲೇ ನಕ್ಕುಬಿಟ್ಟಳು. "ನನಗ ರೆಕ್ಕಿ ಎಲ್ಲ್ಯಾವ್ರೀ, ಹುಚ್ಚಪ್ಪಾ... ಬರ್ರಿ."

ಒಂದು ಹೆಜ್ಜೆ. ಇನ್ನೊಂದು. ಅವನ ಉಸಿರು ಅವಳ ಹಣೆಗೆ ತಾಕಿತು.

"ಫೋಕಸ್ ಆತೇನು?"

"ನಿಮ್ಮ ಕಣ್ಣಾಗ ನಾನ ಕಾಣಾಕತ್ತೀನಿ... ಬರೇ ಕಣ್ಣು ಹ್ಯಾಂಗ ತೆಗೀಲಿ?"

"ಇರಲಿ ಬಿಡ್ರಿ. ಫೋಟೊ ನಾಳಿ ತೆಗದ್ರಾತು. ಈಗ ಲಗೂ ಮನೀಗೆ ನಡೀರಿ, ಅಪ್ಪನ ಮುಂದ ನಿಂತು ಕೇಳ್ರಿ."

"ಎಷ್ಟು ಹತ್ರ ನಿಂದರಲಿ?"

"ಅಪ್ಪಗ ದೂರಾದ್ರೂ ನಡೀತೈತಿ..." ಅವಳು ಅವನ ಕೈ ಹಿಡಿದಳು. "ನನಗ ಇಷ್ಟ ಹತ್ರ!"