ಎಡಗಡೆಯ ಸ್ವಿಚ್ಚು

ಹಿರೇಕೊಟ್ನೆಕಲ್ಲಿನ ಅಂಬರೀಶನ ಪಿಕಪ್ ಗಾಡಿ ರಾಯಚೂರಿನಲ್ಲಿ ತನ್ನ ಅಪ್ಪನ ಗ್ಯಾರೇಜಿನ ಮುಂದೆ ಬಂದು ನಿಂತಾಗ ಕಲ್ಯಾಣಿ ಕೈಯಲ್ಲಿದ್ದ ಪಾನಾ ಕೆಳಗಿಡಲಿಲ್ಲ. ಈ ದಿನಕ್ಕಾಗಿ ಅವಳು ಒಂದು ವರ್ಷ ಕಾದಿದ್ದಳು.

ಹೋದ ಮಳೆಗಾಲದಲ್ಲಿ, ಬಾಗಲವಾಡದ ಎರೆಹೊಲದ ದಾರಿಯಲ್ಲಿ ಅವಳ ಗಾಡಿ ಹೂತು ನಿಂತಿತ್ತು. ಅವಳೇ ಓಡಿಸಿದ ಮೊದಲ ಬಾಡಿಗೆ. ಅದೇ ದಾರಿಯಲ್ಲಿ ಬಂದ ಅಂಬರೀಶ ನಗುತ್ತ ವಿಡಿಯೋ ಮಾಡಿ ಸ್ಟೇಟಸ್ ಇಟ್ಟಿದ್ದ: ‘ಗ್ಯಾರೇಜ್ ಮೇಡಂ ಗಾಡಿ ಕೆಸರಾಗ.’ ಮಾನ್ವಿಯವರೆಲ್ಲ ನೋಡಿದರು. ಆಮೇಲೆ ಯಾರೂ ಅವಳಿಗೆ ಬಾಡಿಗೆ ಕೊಡಲಿಲ್ಲ.

“ಹಿಂದಿನ ಆಕ್ಸಲ್‌ಗೆ ಲಾಕ್ ಹಾಕಿಸ್ಬೇಕ್ರಿ,” ಎಂದ ಅಂಬರೀಶ, ನೆಲ ನೋಡುತ್ತ. “ಒಂದು ಗಾಲಿ ಕೆಸರಿಗಿ ಬಿದ್ರ ಅದೊಂದ ಗರಗರ ತಿರುಗ್ತದ. ಇನ್ನೊಂದು ಸುಮ್ನ ನಿಂದರ್ತದ.”

“ನೀವೂ ಸಿಕ್ಕೊಂಡ್ರಿ?”

“ಮೂರು ಸಲ.”

“ಯಾರೂ ವಿಡಿಯೋ ಮಾಡ್ಲಿಲ್ಲೇನು?”

ಅವನ ಕಿವಿಗಳು ಕೆಂಪಾದವು. ಆ ಕೆಂಪು ಅವಳಿಗೆ ಚೆಂದ ಕಂಡಿತು. ಅದಕ್ಕೇ ಸಿಟ್ಟು ಇನ್ನಷ್ಟು ಏರಿತು.

“ಎರಡು ನಮೂನಿ ಅದಾವ,” ಎಂದಳು. “ಒಂದು, ಒಳಗ ವೆಲ್ಡಿಂಗ್ ಮಾಡಿ ಎರಡೂ ಗಾಲಿ ಖಾಯಂ ಕಟ್ಟಿಬಿಡೋದು. ಅಗ್ಗ. ಇನ್ನೊಂದು, ಸ್ವಿಚ್ ಒತ್ತಿದಾಗಷ್ಟ ಲಾಕ್ ಆಗೋದು.”

ವೆಲ್ಡಿಂಗ್ ಮಾಡಿದರೆ ಡಾಂಬರು ರಸ್ತೆಯ ತಿರುವಿನಲ್ಲಿ ಗಾಡಿ ಮಾತು ಕೇಳುವುದಿಲ್ಲ. ಅದನ್ನು ಅವಳು ಹೇಳಲಿಲ್ಲ. ಸೇಡು ನಾಲಿಗೆಯ ತುದಿಯಲ್ಲಿ ಸಿಹಿಯಾಗಿತ್ತು.

“ನೀವು ಯಾವ್ದು ಅಂತೀರಿ, ಅದನ್ನ ಹಾಕ್ರಿ. ದೇವದುರ್ಗ ಸಂತಿಗಿ ನಮ್ಮವ್ವ ಬಾಜೂಕ ಕುಂತು ಬರ್ತಾಳ್ರಿ. ನನ್ ಫೋನ್ ಹತ್ಲಿಲ್ಲಂದ್ರ ಆಕಿ ನಂಬರ್ ಬರ್ಕೋರಿ, ಯಮನಮ್ಮ ಅಂತ.”

ಬರೆಯುತ್ತಿದ್ದ ಪೆನ್ನು ನಿಂತಿತು. ತಿರುವಿನಲ್ಲಿ ಉರುಳಿದ ಗಾಡಿ, ಅದರ ಎಡಸೀಟಿನಲ್ಲಿ ಒಬ್ಬ ತಾಯಿ: ಆ ಚಿತ್ರ ಅವಳ ಕಣ್ಣಿಗೆ ಕಟ್ಟಿತು. ಕಲ್ಯಾಣಿ ತಲೆ ಕೊಡವಿದಳು.

“ಸ್ವಿಚ್ಚಿನದ ಹಾಕ್ತೀನಿ,” ಎಂದಳು. ಸೇಡಿಗೆ ಬೇರೆ ದಾರಿ ಹುಡುಕಿದರಾಯಿತು.

ವಾರದ ನಂತರ ಗಾಡಿ ನೋಡಿ ಅಂಬರೀಶ ತಬ್ಬಿಬ್ಬಾದ. “ಸ್ವಿಚ್ ಅಷ್ಟು ಎಡಕ್ಕ, ಆ ಬಾಗಿಲ ಬಾಜೂಕ ಯಾಕ್ರೀ? ನನ್ ಕೈ ನಿಲುಕಂಗಿಲ್ಲ!”

“ಟ್ರಯಲ್ ನೋಡೋಣ, ನಡೀರಿ ಬಾಗಲವಾಡಕ್ಕ.”

ಅದೇ ದಾರಿ, ಅದೇ ಕೆಸರು. ಗಾಡಿ ಹೂತಿತು. ಎಡಸೀಟಿನಲ್ಲಿದ್ದ ಕಲ್ಯಾಣಿ ಸ್ವಿಚ್ಚಿನ ಮೇಲೆ ಬೆರಳಿಟ್ಟು, ಇನ್ನೊಂದು ಕೈಯಲ್ಲಿ ಮೊಬೈಲ್ ಎತ್ತಿದಳು.

“ರೆಕಾರ್ಡ್ ಆಗಾಕತ್ತದ. ಹೇಳ್ರಿ.”

“ಏನಂತ?”

“ಅವತ್ತ ನಾ ಅತ್ಕೊಂತ ನಡ್ಕೊಂಡು ಹೋದೆ. ನಿಮಗ ತಿಳಿದದ್ದು ಹೇಳ್ರಿ.”

ಅವನು ನಗಲಿಲ್ಲ. “ನಾ ಅಂಬರೀಶ. ಒಂದು ಹುಡುಗಿ ಗಾಡಿ ಸಿಕ್ಕೊಂಡಾಗ ಹಗ್ಗ ಕೊಡೋದು ಬಿಟ್ಟು ಫೋನ್ ಹಿಡ್ದೆ. ಆಕಿ ಬಾಡಿಗಿ ಹೋತು. ಅವತ್ತಿಂದ ಆಕಿ ಮಾರಿ ಕಣ್ಮುಂದಿಂದ ಹೋಗವಲ್ದು. ಲಾಕ್ ಮಾನ್ವ್ಯಾಗೂ ಹಾಕ್ತಿದ್ರು. ಆಕಿನ್ನ ನೋಡಾಕಂತ ರಾಯಚೂರಿಗಿ ಬಂದೆ.”

ಅವಳ ಬೆರಳು ಸ್ವಿಚ್ ಒತ್ತಿತು. ಎರಡೂ ಗಾಲಿಗಳು ಒಟ್ಟಿಗೆ ನೆಲ ಕಚ್ಚಿ ಗಾಡಿಯನ್ನು ದಂಡೆಗೆ ತಂದವು. ಅವಳು ಮೊಬೈಲಿನಲ್ಲಿ ಏನೋ ಒತ್ತುತ್ತಿದ್ದಳು.

“ಸ್ಟೇಟಸ್ ಇಟ್ರೇನು?”

“ಇಲ್ಲ. ಒಬ್ಬರಿಗಷ್ಟ ಕಳಿಸೀನಿ.”

ಸ್ವಲ್ಪ ಹೊತ್ತಿಗೆ ಅವನ ಫೋನ್ ಬಡಿದುಕೊಂಡಿತು. ಯಮನಮ್ಮನ ದನಿ ಗಾಡಿಯ ತುಂಬ: “ಲೇ ಅಂಬ್ರ್ಯಾ! ಹೆಣ್ಮಗಳಿಗಿ ಹಿಂಗ ಮಾಡ್ತಾರೇನೋ ಮೂಳ? ಮನಿಗಿ ಬಾ, ಮಾಡ್ತೀನಿ ನಿನಗ! ಬರೋವಾಗ ಆಕಿನ್ನೂ ಕರಕೊಂಡು ಬಾ.”

ಕಲ್ಯಾಣಿ ಬಾಗಿಲಿಗೆ ಒರಗಿ ನಕ್ಕಳು, ಕಣ್ಣಲ್ಲಿ ನೀರು ಬರುವಷ್ಟು.

“ಸ್ವಿಚ್ ಬಲಕ್ಕ ಹಾಕ್ಕೊಡ್ಲೇನು?”

“ಬ್ಯಾಡ,” ಎಂದ ಅಂಬರೀಶ. “ಎಡಕ್ಕ ಇರ್ಲಿ.”