ನಮ್ಮ ಬೀದಿ ಸುತ್ತಿದ ಗೆರೆ

ರಾತ್ರಿ, ಖಾಲಿ ಆಫೀಸಿನಲ್ಲಿ ಕಚಕ್ ಎಂದು ಸಣ್ಣ ಸದ್ದು. ನಕಾಶೆ ಮುದ್ರಿಸುವ ಪ್ಲಾಟರ್ ಕಾಗದ ಕತ್ತರಿಸಿತ್ತು. ಅಷ್ಟಕ್ಕೇ ಬೆಚ್ಚಿಬಿದ್ದೆ. ಕಂಪ್ಯೂಟರ್ ಪರದೆಯ ಮೇಲಿದ್ದದ್ದು ಅಂಥದ್ದು.

ಜನ ಆಸ್ಪತ್ರೆಗೆ ನಿಜವಾಗಿ ಯಾವ ದಾರಿಯಲ್ಲಿ ನಡೆಯುತ್ತಾರೆ ಅನ್ನೋದು ನಮ್ಮ ನಕಾಶೆ. ನಮ್ಮ ಸರ್ವೇಯರ್ ಜಿಪಿಎಸ್ ಯಂತ್ರ ಹಿಡಿದು ಆ ಜನರ ಜೊತೆ ನಡೆಯುತ್ತಾರೆ. ನಡೆದದ್ದು ನನ್ನ ಪರದೆಯಲ್ಲಿ ಕೆಂಪು ಗೆರೆಯಾಗುತ್ತದೆ. ವಾರ್ಡಿನ ಗಡಿ ದಾಟಿದ್ದನ್ನು ಅಳಿಸುವುದು ನನ್ನ ಕೆಲಸ.

ಈ ವಾರದ ಗೆರೆ ದಿನಾ ಸಂಜೆ ಗಡಿ ದಾಟಿತ್ತು. ನಮ್ಮ ಬೀದಿಗೆ ಬಂದಿತ್ತು; ನಮ್ಮ ಗೇಟಿನೆದುರು ಗೆರೆಯ ಚುಕ್ಕೆಗಳು ಒತ್ತೊತ್ತಾಗಿ ಬಿದ್ದಿದ್ದವು. ನಡಿಗೆ ನಿಧಾನವಾದರೆ ಹಾಗಾಗುತ್ತದೆ. ಆ ಹೊತ್ತಿಗೆ ನಾನೂ ಕಿಟಕಿಯಲ್ಲಿರುತ್ತಿದ್ದೆ. ಸರ್ವೇಯರ್ ಹಾದುಹೋಗುವುದನ್ನು ನೋಡಿ, ಅವರ ಮನೆಗೆ ಅದೇ ದಾರಿ ಅಂದುಕೊಂಡಿದ್ದೆ. ಗೆರೆ ನೋಡಿದರೆ ನಮ್ಮ ಬೀದಿಯಿಂದ ವಾಪಸ್ ತಿರುಗಿ, ರೈಲು ಹಳಿಯಾಚೆಯ ಅವರ ಮನೆಗೆ ಹೋಗುತ್ತಿತ್ತು.

ಯಂತ್ರ ಚಾರ್ಜಿಗಿಡಲು ಬಂದ ಸರ್ವೇಯರನ್ನು ಕರೆದು ತೋರಿಸಿದೆ. ಅವರ ಕಿವಿ ಕೆಂಪಾಯಿತು.

"ಆಫ್ ಮಾಡೋದು ಮರೆತೆ ಮೇಡಂ."

"ದಿನಾನೂ?"

"ದಿನಾನೂ." ನಗಲು ಹೋಗಿ, ಯಂತ್ರವನ್ನು ಮೇಜಿನ ಮೇಲಿಟ್ಟರು. "ಅಳಿಸಿಬಿಡಿ. ನಾಳೆ ನಿಮ್ಮನ್ನ ನೋಡೋಕೆ ಗಂಡಿನ ಕಡೆಯವರು ಬರ್ತಾರಂತಲ್ಲ."

ನಾನು ಅಳಿಸಲಿಲ್ಲ. ಯಂತ್ರವನ್ನು ಬ್ಯಾಗಿಗೆ ಹಾಕಿಕೊಂಡೆ.

ಮರುದಿನ ಭಾನುವಾರ. ಗಂಡಿನ ಕಡೆಯವರು ಬಂದಾಗ ಜಾಸ್ತಿ ಮಾತಾಡಬೇಡ, ಕೇಳಿದ್ದಕ್ಕಷ್ಟೇ ಉತ್ತರ ಕೊಡು ಎಂದು ಅಣ್ಣ ಪಾಠ ಹೇಳಿಕೊಡುತ್ತಿದ್ದ. ನನಗೆ ಈ ಸಂಬಂಧ ಬೇಡ ಅಂದೆ. ದನಿ ನಡುಗಲಿಲ್ಲ.

"ಯಾರವನು?" ಅಂದ.

"ಬೇಡ ಅನ್ನೋಕೆ ಯಾರಾದ್ರೂ ಇರಲೇಬೇಕಾ ಅಣ್ಣಾ?"

ಅತ್ತಿಗೆ ಸೆರಗು ಬಾಯಿಗೆ ಒತ್ತಿಕೊಂಡು ಗೋಡೆ ಕಡೆ ತಿರುಗಿದರು. ನಾನು ಚಪ್ಪಲಿ ಮೆಟ್ಟಿದೆ. ಗೇಟಿನ ಹತ್ತಿರ ಯಂತ್ರ ಆನ್ ಮಾಡಿದೆ. ಹಳಿ ದಾಟುವವರೆಗೂ ಯಾರೋ ಹಿಂದೆ ಬರುತ್ತಿದ್ದಾರೆ ಅನಿಸುತ್ತಿತ್ತು. ಹಿಂತಿರುಗಿ ನೋಡಲಿಲ್ಲ.

ಸರ್ವೇಯರ ಗೆರೆ ಮುಗಿದಿದ್ದ ಮನೆಯ ಬಾಗಿಲು ತಟ್ಟಿದೆ. ಬಾಗಿಲು ತೆರೆದವರ ಅರ್ಧ ಕೆನ್ನೆಗೆ ಶೇವಿಂಗ್ ನೊರೆ ಇತ್ತು. ಯಂತ್ರವನ್ನು ಕೈಗಿಟ್ಟೆ. ಪರದೆಯಲ್ಲಿ ನಮ್ಮ ಗೇಟಿನಿಂದ ಅವರ ಬಾಗಿಲವರೆಗೆ ಹೊಸ ಗೆರೆ.

"ಆಫ್ ಮಾಡೋದು ಮರೆತೆ," ಅಂದೆ.

ಅವರು ಗೆರೆ ನೋಡಿದರು, ನನ್ನನ್ನು ನೋಡಿದರು. "ಇನ್ನು ಮೇಡಂ ಅನ್ನೋಕಾಗಲ್ಲ," ಅಂದರು ಮೆಲ್ಲಗೆ.

"ಅನ್ನಬೇಡಿ."

ಸೋಮವಾರ ಗಡಿಯಾಚೆಯದನ್ನೆಲ್ಲ ಅಳಿಸಿದೆ, ಎರಡು ಗೆರೆ ಬಿಟ್ಟು: ಅವರದೊಂದು, ನನ್ನದೊಂದು. ಅವನ್ನು ನಕಾಶೆಯ ಬೇರೊಂದು ಪದರಕ್ಕೆ ಹಾಕಿ, ಆ ಪದರವನ್ನು ಯಾರಿಗೂ ಕಾಣದಂತೆ ಆಫ್ ಮಾಡಿದೆ. ಎಲ್ಲಿಗೆ ಹೋಗಿದ್ದೆ ಅಂತ ಅಣ್ಣ ಇನ್ನೂ ಕೇಳುತ್ತಾನೆ. ಬೇಡ ಅಂದದ್ದನ್ನು ಮನೆಯವರೆಲ್ಲ ಕೇಳಿದ್ದಾರೆ, ಸಾಕು. ಹಳಿಯಾಚೆ ನಡೆದದ್ದು ನಮ್ಮಿಬ್ಬರದು. ಅದನ್ನು ಯಾರಿಗೂ ಹೇಳುವುದಿಲ್ಲ.