ಸಾಹೇಬರು ಊದಿದ ಸುಣ್ಣದ ನೀರು

"ಸಾಕವ್ವ, ಬೆಳ್ಳಗಾತು. ನಿಲ್ಸು," ಎಂದರು ವಿಜ್ಞಾನದ ಉಮೇಶ ಸರ್.

ಮೌನೇಶ್ವರಿ ಬಾಯಿಂದ ಸ್ಟ್ರಾ ತೆಗೆದಳು. ಈಗಷ್ಟೇ ಕುಡಿಯುವ ನೀರಿನ ಹಾಗೆ ತಿಳಿಯಾಗಿದ್ದ ಸುಣ್ಣದ ನೀರು ಟೆಸ್ಟ್ ಟ್ಯೂಬಿನೊಳಗೆ ಮಜ್ಜಿಗೆಯ ಬಣ್ಣಕ್ಕೆ ತಿರುಗಿತ್ತು. ಹಿಂದಿನ ಸಾಲಿನವರು ಬೆಂಚು ಹತ್ತಿ ನೋಡಿದರು. ಬರೀ ಉಸಿರು ಊದಿದರೆ ನೀರು ಬೆಳ್ಳಗಾಗುವುದೆಂದರೆ ಸಣ್ಣ ಮಾತೇ?

ಬಾಗಿಲಲ್ಲಿ ನಿಂತಿದ್ದ ಹೆಡ್ಮಾಸ್ಟರ್ ಆಂಜನೇಯ ಸರ್ ಮಾತ್ರ ಟ್ಯೂಬಿನ ಕಡೆ ನೋಡಲಿಲ್ಲ. ಅವರ ಕಣ್ಣು ಕೈಯಲ್ಲಿದ್ದ ಏಳನೇ ತರಗತಿಯ ವಿಜ್ಞಾನ ಪುಸ್ತಕದ ಮೇಲಿತ್ತು.

"ಯಾಕ ಬೆಳ್ಳಗಾತು, ಹೇಳು," ಎಂದರು ಪುಸ್ತಕದಿಂದ ತಲೆ ಎತ್ತದೆ.

ಮೌನೇಶ್ವರಿ ಗಡಗಡ ಒಪ್ಪಿಸಿದಳು. "ನಾವು ಹೊರಬಿಡುವ ಗಾಳಿಯಲ್ಲಿ ಕಾರ್ಬನ್ ಡೈಆಕ್ಸೈಡ್ ಇರುತ್ತದೆ. ಅದು ಸುಣ್ಣದ ತಿಳಿನೀರನ್ನು ಹಾಲಿನಂತೆ ಬೆಳ್ಳಗಾಗಿಸುತ್ತದೆ."

ಹೆಡ್ಮಾಸ್ಟರು ಸಾಲಿನ ಮೇಲೆ ಬೆರಳಾಡಿಸಿ ನೋಡಿದರು. ಒಂದಕ್ಷರವೂ ತಪ್ಪಿರಲಿಲ್ಲ. ಪ್ರಯೋಗ ಯಶಸ್ವಿಯಾಗಿದೆ ಎಂದು ಅವರಿಗೆ ಆಗ ಖಾತ್ರಿಯಾಯಿತು.

ರಾಯಚೂರಿನಿಂದ ದೊಡ್ಡ ಸಾಹೇಬರು ಶಾಲೆ ನೋಡಲು ಬರುವವರಿದ್ದರು. ಸಾಹೇಬರು ಬರುತ್ತಾರೆಂದೇ ಗೋಡೆಗೆ ಬಣ್ಣ ಬಂದಿತ್ತು, ಗೇಟಿಗೆ ಚಿಲಕ ಬಂದಿತ್ತು, ಬೀಗ ಒಡೆದು ಲ್ಯಾಬಿನ ಅಲಮಾರಿಯನ್ನೂ ತೆರೆದಿದ್ದರು. ಅದರೊಳಗೆ ಟೆಸ್ಟ್ ಟ್ಯೂಬುಗಳು, ಸ್ಪಿರಿಟ್ ಒಣಗಿದ ದೀಪ, ಇಲಿ ಕಚ್ಚಿದ ಗ್ಲೋಬು ಸಿಕ್ಕವು. 'ಸುಣ್ಣದ ತಿಳಿನೀರು' ಎಂದು ಬರೆದ ಬಾಟಲಿಯಲ್ಲಿ ಸುಣ್ಣವೂ ಇರಲಿಲ್ಲ, ನೀರೂ ಇರಲಿಲ್ಲ. ಉಮೇಶ ಸರ್ ಪಾನ್ ಅಂಗಡಿಯಿಂದ ಸುಣ್ಣ ತರಿಸಿ, ನೀರಿನಲ್ಲಿ ಕದಡಿ, ಕೆಳಗೆ ಇಳಿಯಲು ಬಿಟ್ಟು, ಮೇಲಿನ ತಿಳಿಯನ್ನು ಬಟ್ಟೆಯಲ್ಲಿ ಸೋಸಿದ್ದರು.

ಸಾಹೇಬರ ಮುಂದೆ ಊದುವವಳು ಮೌನೇಶ್ವರಿ ಎಂದು ತೀರ್ಮಾನವಾಯಿತು. ಅವಳಿಗೇನಾದರೂ ಜ್ವರಗಿರ ಬಂದರೆ ಇರಲಿ ಎಂದು ಅವಳ ತರಗತಿಯ ಖಲೀಲ್‌ಗೂ ಅದೇ ಉತ್ತರ ಬಾಯಿಪಾಠ ಮಾಡಿಸಿದ್ದರು. ಖಲೀಲ್ ದಿನಾ ಬೆಳಿಗ್ಗೆ ಬಂದು ಅವಳ ಆರೋಗ್ಯ ವಿಚಾರಿಸುತ್ತಿದ್ದ.

ಆ ಸಂಜೆ ಮೌನೇಶ್ವರಿ ಒಂದು ಸಣ್ಣ ಬಾಟಲಿಯಲ್ಲಿ ಸುಣ್ಣದ ನೀರು ಕೇಳಿಕೊಂಡು ಮನೆಗೆ ತಂದಳು. ತಮ್ಮ ಆನಂದ, ಅಜ್ಜಿ ವೆಂಕಮ್ಮ ಇಬ್ಬರನ್ನೂ ಕಟ್ಟೆಯ ಮೇಲೆ ಕೂರಿಸಿ, ಗಾಜಿನ ಲೋಟದಲ್ಲಿ ಊದಿ ತೋರಿಸಿದಳು. ನೀರು ಬೆಳ್ಳಗಾಯಿತು.

ಅಜ್ಜಿ ಎಲೆ ಅಡಿಕೆ ಜಗಿಯುತ್ತ ಅದನ್ನು ನೋಡಿ, "ಅದೇ ಸುಣ್ಣ ಹಚ್ಚಿದ್ರ ನನ್ನ ಬಾಯಿ ಕೆಂಪಗಾಗ್ತದ, ನೀ ಊದಿದ್ರ ಬೆಳ್ಳಗಾಗ್ತದ. ಸುಣ್ಣ ಭಾಳ ಶಾಣ್ಯಾ ಅದ ಬಿಡು," ಎಂದಳು.

ಆನಂದನಿಗೆ ಬಣ್ಣಕ್ಕಿಂತ ಗುಳುಗುಳು ಸದ್ದು ಹಿಡಿಸಿತ್ತು. ಇನ್ನೂ ಊದು, ಇನ್ನೂ ಊದು ಎಂದು ಗಂಟುಬಿದ್ದ. ಕೆನ್ನೆ ನೋಯುವವರೆಗೂ ಅವಳು ಊದಿದಳು. ಆಗಲೇ ಅವಳು ನೋಡಿದ್ದು. ಬಿಳುಪು ತೆಳ್ಳಗಾಗುತ್ತಿತ್ತು. ಲೋಟದ ಆಚೆಗಿದ್ದ ಆನಂದನ ಬೆರಳುಗಳು ಮೊದಲು ಮಸುಕಾಗಿ ಕಂಡವು, ಆಮೇಲೆ ಉಗುರಿನ ಮಣ್ಣು ಕೂಡ ಕಾಣುವಷ್ಟು ಸ್ಪಷ್ಟವಾದವು. ನೀರು ಮೊದಲಿನಂತೆ ತಿಳಿಯಾಗಿತ್ತು.

"ಹಾಲೆಲ್ಲಾ ನೀನೇ ಕುಡ್ದಿ," ಎಂದ ಆನಂದ.

ಅವಳು ಬಾಟಲಿಯಲ್ಲಿ ಉಳಿದಿದ್ದ ನೀರು ಸುರಿದು ಮತ್ತೆ ಊದಿದಳು. ಮತ್ತೆ ಬೆಳ್ಳಗಾಯಿತು, ಮತ್ತೆ ತಿಳಿಯಾಯಿತು. ತಾನೇ ಏನೋ ಕೆಡಿಸಿದೆನೆಂದು ಅವಳಿಗೆ ಹೆದರಿಕೆಯಾಯಿತು. ಅದರ ಜೊತೆಗೇ ಇನ್ನೊಂದು ಆಸೆಯೂ ಹುಟ್ಟಿತು: ಇದು ಯಾಕೆ ಹೀಗಾಯಿತೆಂದು ಯಾರಾದರೂ ಹೇಳಬೇಕು.

ಮಾರನೆಯ ದಿನ ಉಮೇಶ ಸರ್‌ಗೆ ಹೇಳಿದಳು. ಅವರು ಮೊದಲು ಬಾಗಿಲ ಕಡೆ ನೋಡಿ, ಆಮೇಲೆ ಅವಳ ಕಡೆ ನೋಡಿದರು.

"ನೀ ನೋಡಿದ್ದು ಖರೇ ಅದ," ಎಂದರು ಸಣ್ಣ ದನಿಯಲ್ಲಿ. "ಆದ್ರ ಅದು ಹತ್ತನೇ ಕ್ಲಾಸಿನ ಪಾಠ. ಈಗ ಬ್ಯಾಡ."

ಬಾಗಿಲ ಕಡೆ ನೋಡಿದ್ದು ಸಾಲದಾಗಿತ್ತು. ಕಿಟಕಿಯಲ್ಲಿ ಹೆಡ್ಮಾಸ್ಟರು ನಿಂತಿದ್ದರು. ಅವರ ಮುಖ ಬಿಳುಚಿತು, ಅದೂ ಸುಣ್ಣದ ಸಹಾಯವಿಲ್ಲದೆ.

ಅವರ ಚಿಂತೆಗೂ ಕಾರಣವಿತ್ತು. ಸಾಹೇಬರಿಗೆ ಫೋಟೊದ ಹುಚ್ಚು. ಹೋದ ವರ್ಷ ಸಸಿ ನೆಡಲು ಬಂದವರು, ಫೋಟೊ ಸರಿಯಾಗಿ ಬರಲಿಲ್ಲವೆಂದು ಸಸಿಯನ್ನು ಬಿಸಿಲಿನಲ್ಲಿ ಹಿಡಿದೇ ನಿಂತಿದ್ದರು. ಕೊನೆಗೂ ಒಳ್ಳೆಯ ಫೋಟೊ ಬಂತು, ಸಸಿ ಬರಲಿಲ್ಲ. ಈ ಹುಡುಗಿಗೂ ಇನ್ನಷ್ಟು ಊದು, ಮತ್ತಷ್ಟು ಊದು ಎಂದುಬಿಟ್ಟರೆ? ಸಾಹೇಬರ ಎದುರಿಗೇ ಹಾಲು ಹೋಗಿ ನೀರಾದರೆ?

ಸ್ಟಾಫ್ ರೂಮಿನಲ್ಲಿ ಮೀಟಿಂಗ್ ಆಯಿತು. ನೀರು ಮತ್ತೆ ತಿಳಿಯಾಗುವುದು ಯಾಕೆಂದು ಅಲ್ಲಿ ಯಾರೂ ಕೇಳಲಿಲ್ಲ. ಅದನ್ನು ಕಾಣದ ಹಾಗೆ ಮಾಡುವುದು ಹೇಗೆಂದು ಎಲ್ಲರೂ ಯೋಚಿಸಿದರು. ಉಪಾಯ ಹೆಡ್ಮಾಸ್ಟರಿಗೇ ಹೊಳೆಯಿತು. ಬೆಳಿಗ್ಗೆ ಮಕ್ಕಳಿಗೆ ಕೊಡುವ ಸಕ್ಕರೆ ಹಾಕಿದ ಹಾಲಿನಲ್ಲಿ ಒಂದಿಷ್ಟು ತೆಗೆದು ನೀರು ಬೆರೆಸಿ ಎರಡನೇ ಟ್ಯೂಬಿನಲ್ಲಿ ತುಂಬಿಡುವುದು. ಖಲೀಲ್ ಅದನ್ನು ಹಿಡಿದು ಮೇಜಿನ ಹಿಂದೆ ಕುಳಿತಿರುವುದು. ಅವಶ್ಯ ಬಿದ್ದರೆ ಹೆಡ್ಮಾಸ್ಟರು ಕೆಮ್ಮುವುದು, ಖಲೀಲ್ ಟ್ಯೂಬು ಬದಲಿಸುವುದು.

"ಪುಸ್ತಕದಾಗ ಹಾಲಿನಂತೆ ಅಂತ ಅದ. ನಾವು ಹಾಲೇ ಕೊಡಾಕತ್ತೀವಿ. ಇದರಾಗ ತಪ್ಪೇನದ?" ಎಂದರು ಅವರು.

ಕರೆಸಿ ಇದನ್ನು ಹೇಳಿದಾಗ ಮೌನೇಶ್ವರಿಗೆ ಸರಿಬರಲಿಲ್ಲ. ಅವಳು ಬಾಯಿ ತೆರೆಯುವಷ್ಟರಲ್ಲಿ ಹೆಡ್ಮಾಸ್ಟರು, ಆಗದಿದ್ದರೆ ಹೇಳು, ಖಲೀಲ್ ಊದುತ್ತಾನೆ ಎಂದರು. ಸಾಹೇಬರ ಮುಂದೆ ಊದುವವಳು ತಾನೇ ಎಂದು ಓಣಿಯ ತುಂಬ ಹೇಳಿಕೊಂಡು ಬಂದಿದ್ದ ಮೌನೇಶ್ವರಿ ತೆರೆದ ಬಾಯಿಯನ್ನು ಮುಚ್ಚಿದಳು.

ಸಾಹೇಬರು ಬರುವ ದಿನ ಫೋನುಗಳು ಅವರಿಗಿಂತ ಮೊದಲು ಬಂದವು. ರಾಯಚೂರು ಬಿಟ್ಟರಂತೆ. ಗಬ್ಬೂರಿನಲ್ಲಿ ಮಿರ್ಚಿ ತಿನ್ನಲು ಇಳಿದರಂತೆ. ಮಿರ್ಚಿ ಚೆನ್ನಾಗಿದೆಯಂತೆ, ಇನ್ನೊಂದು ಪ್ಲೇಟು ಹೇಳಿದರಂತೆ. ಸ್ವಾಗತಗೀತೆಯ ಹುಡುಗಿಯರು ಬಿಸಿಲಿನಲ್ಲಿ ನಿಂತು ಹಾಡಿ ಹಾಡಿ ದನಿ ಕಳೆದುಕೊಂಡ ಮೇಲೆ ಜೀಪು ಬಂತು.

ಸಾಹೇಬರು ದಪ್ಪ ಮೀಸೆಯ, ನಗುಮುಖದ ಮನುಷ್ಯ. ಲ್ಯಾಬಿಗೆ ಬಂದವರೇ ಮೌನೇಶ್ವರಿಯ ಪಕ್ಕದಲ್ಲಿ ನಿಂತು ಫೋಟೊಗ್ರಾಫರನ ಕಡೆ ತಿರುಗಿದರು. ಮೌನೇಶ್ವರಿ ಊದಿದಳು. ನೀರು ಬೆಳ್ಳಗಾಯಿತು. ಅವಳು ನಿಲ್ಲಿಸಿ ಉತ್ತರ ಹೇಳತೊಡಗಿದಳು. ಸಾಹೇಬರು ತಡೆದರು. ಫೋಟೊಗ್ರಾಫರನ ಫೋನಿನ ಮೆಮೊರಿ ತುಂಬಿ ಫೋಟೊ ಬಂದಿರಲಿಲ್ಲ.

"ಊದವ್ವ, ಊದು. ನಿಲ್ಸಬ್ಯಾಡ."

ಫೋಟೊಗ್ರಾಫರ್ ಯಾರದೋ ಮದುವೆಯ ವಿಡಿಯೋಗಳನ್ನು ಅಳಿಸತೊಡಗಿದ. ಒಂದೊಂದನ್ನೂ ನೋಡಿ ಅಳಿಸುತ್ತಿದ್ದ. ಮೌನೇಶ್ವರಿ ಊದುತ್ತಲೇ ಇದ್ದಳು. ಬಿಳುಪು ತೆಳುವಾಯಿತು, ಹೊಗೆಯಂತಾಯಿತು, ಇಲ್ಲವಾಯಿತು. ಫೋನಿಗೆ ನಗುತ್ತಿದ್ದ ಸಾಹೇಬರು ಇದನ್ನು ನೋಡಲಿಲ್ಲ. ಹೆಡ್ಮಾಸ್ಟರು ನೋಡಿದರು. ಕ್ಷಯರೋಗಿಯೂ ಕೆಮ್ಮದ ಹಾಗೆ ಕೆಮ್ಮಿದರು. ಮೇಜಿನ ಹಿಂದಿನಿಂದ ಖಲೀಲ್‌ನ ಕೈ ಬಂತು. ತಿಳಿಯಾದ ಟ್ಯೂಬು ಕೆಳಗೆ ಹೋಯಿತು, ಹಾಲಿನ ಟ್ಯೂಬು ಮೇಲೆ ಬಂತು, ಫೋಟೊ ತೆಗೆದದ್ದೂ ಆಯಿತು.

ಉತ್ತರ ಕೇಳಿದ ಸಾಹೇಬರು ಶಭಾಷ್ ಎಂದರು. ಹೊರಡುವ ಮೊದಲು, ಎಲ್ಲ ಶಾಲೆಗಳಲ್ಲೂ ಕೇಳುವ ಹಾಗೆ, ಯಾರಿಗಾದರೂ ಡೌಟ್ ಇದೆಯೇ ಎಂದರು. ಅದಕ್ಕೆ ಮಕ್ಕಳೆಲ್ಲ ಇಲ್ಲಾ ಸಾರ್ ಎನ್ನಬೇಕೆಂದು ಬೆಳಿಗ್ಗೆಯೇ ಹೇಳಿಕೊಟ್ಟಿದ್ದರು. ಎಲ್ಲರೂ ಹಾಗೆಯೇ ಕೂಗಿದರು.

"ನನಗ ಅದರೀ," ಎಂದಳು ಮೌನೇಶ್ವರಿ.

ಇನ್ನೂ ಊದಿದರೆ ಬೆಳ್ಳಗಾದದ್ದು ಮತ್ತೆ ತಿಳಿಯಾಗುತ್ತದೆ, ಮನೆಯಲ್ಲಿ ನೋಡಿದೆ, ಅದು ಯಾಕೆ ಎಂದು ಅವಳು ಕೇಳಿದಳು.

ಸಾಹೇಬರಿಗೆ ಸಿಟ್ಟೇನೂ ಬರಲಿಲ್ಲ. ಬದಲಾಗಿ ಬಹಳ ಸಂತೋಷವಾಯಿತು. ವಿಜ್ಞಾನದಲ್ಲಿ ಯಾರ ಮಾತನ್ನೂ ಸುಮ್ಮನೆ ನಂಬಬಾರದು, ಮಾಡಿ ನೋಡಬೇಕು ಎಂದರು. ಹೊಸ ಸ್ಟ್ರಾ ತರಿಸಿದರು. ಸ್ಟ್ಯಾಂಡಿನಲ್ಲಿದ್ದ ಬಿಳಿಯ ಟ್ಯೂಬನ್ನು ಕೈಗೆತ್ತಿಕೊಂಡು ತಾವೇ ಊದತೊಡಗಿದರು.

ಊದಿದರು. ಮೀಸೆ ಒದ್ದೆಯಾಗುವವರೆಗೆ ಊದಿದರು. ನೊರೆ ಉಕ್ಕಿತು, ಮೀಸೆಗೂ ಹತ್ತಿತು. ಬಿಳುಪು ಎಳ್ಳಷ್ಟೂ ಕಡಿಮೆಯಾಗಲಿಲ್ಲ. ಕೊನೆಗೆ ಏದುಸಿರು ಬಿಡುತ್ತ ಟ್ಯೂಬು ಎತ್ತಿ ತೋರಿಸಿದರು.

"ನೋಡಿದೇನವ್ವ? ತಿಳಿ ಆಗಲಿಲ್ಲ. ನೀನು ನೋಡಿದ್ದು ತಪ್ಪು."

ಆಮೇಲೆ ತುಟಿ ಚಪ್ಪರಿಸಿ, ಈ ಭಾಗದ ಸುಣ್ಣ ಸ್ವಲ್ಪ ಸಿಹಿಯಲ್ಲವೇ ಎಂದರು. ನಮ್ಮ ಕಡೆಯ ನೀರೇ ಹಾಗೆ ಎಂದು ಹೆಡ್ಮಾಸ್ಟರು ಕೈಮುಗಿದರು.

ಮೌನೇಶ್ವರಿ ಉಮೇಶ ಸರ್ ಕಡೆ ನೋಡಿದಳು. ಖರೇ ಅದ ಎಂದವರು ಅವರೇ. ಉಮೇಶ ಸರ್ ಗ್ಲೋಬಿನಲ್ಲಿ ಇಲಿ ಕಚ್ಚಿದ ಜಾಗವನ್ನು ನೋಡುತ್ತಿದ್ದರು.

ಜೀಪು ಹೋದ ಮೇಲೆ ಹೆಡ್ಮಾಸ್ಟರು ಹಾಲಿನ ಟ್ಯೂಬಿಗೆ ಬಿರಡೆ ಹಾಕಿ ಸ್ಟ್ಯಾಂಡಿನಲ್ಲಿಟ್ಟರು. 'ಮಾನ್ಯ ಸಾಹೇಬರು ಸ್ವತಃ ಊದಿದ ಸುಣ್ಣದ ತಿಳಿನೀರು' ಎಂದು ರಟ್ಟಿನ ಚೀಟಿಯ ಮೇಲೆ ಸ್ಕೆಚ್ ಪೆನ್ನಿನಲ್ಲಿ ಬರೆದು ಮುಂದೆ ನಿಲ್ಲಿಸಿದರು. ಎಲ್ಲರೂ ಊಟಕ್ಕೆ ಹೋದರು. ಮೌನೇಶ್ವರಿ ಹೋಗಲಿಲ್ಲ. ಅವಳಿಗೆ ಅಳು ಬಂದದ್ದು ತಪ್ಪು ಎನಿಸಿಕೊಂಡದ್ದಕ್ಕಲ್ಲ. ಅಷ್ಟು ದೊಡ್ಡವರು, ಅಷ್ಟು ಹೊತ್ತು, ಎಲ್ಲರೆದುರು ಊದಿದ್ದನ್ನು ನೋಡಿ, ಆ ಸಂಜೆ ತಾನು ನಿಜಕ್ಕೂ ನೋಡಿದ್ದೇನು ಎಂದು ಅವಳಿಗೇ ಅನುಮಾನ ಬರತೊಡಗಿತ್ತು.

ಉಮೇಶ ಸರ್ ಬಂದರು. ಬಗ್ಗಿ, ಮೇಜಿನ ಕೆಳಗೆ ಉಳಿದಿದ್ದ ತಿಳಿಯಾದ ಟ್ಯೂಬನ್ನು ತೆಗೆದುಕೊಂಡು ಬಿಸಿಯೂಟದ ಕೋಣೆಗೆ ನಡೆದರು. ಅವಳು ಹಿಂದೆ ಹೋದಳು. ಅಡುಗೆಯ ರೇಣುಕಮ್ಮನಿಂದ ಇಕ್ಕಳ ಈಸಿಕೊಂಡು, ಒಲೆ ಸಣ್ಣಗೆ ಹಚ್ಚಿ, ಟ್ಯೂಬನ್ನು ಉರಿಯ ಮೇಲೆ ಆಡಿಸುತ್ತ ಕಾಸಿದರು.

ಗುಳ್ಳೆ ಬಂದವು. ನೀರು ಕುದಿಯಿತು. ನೋಡುತ್ತಿದ್ದಂತೆ ತಿಳಿನೀರು ಮಸುಕಾಯಿತು. ಯಾರೂ ಊದಿರಲಿಲ್ಲ, ಯಾರೂ ಏನೂ ಬೆರೆಸಿರಲಿಲ್ಲ. ಬಿಳುಪು ತಾನಾಗಿಯೇ ಮರಳಿ ಬಂದಿತ್ತು.

"ಎಲ್ಲಿತ್ರೀ ಇದು?"

"ನೀರಾಗೇ ಇತ್ತು," ಎಂದರು ಉಮೇಶ ಸರ್. ಸುಣ್ಣಕ್ಕೆ ಉಸಿರಿನ ಗಾಳಿ ಕೂಡಿದರೆ ಸೀಮೆಸುಣ್ಣದಂಥ ಹೊಸ ಪುಡಿ ಹುಟ್ಟುತ್ತದೆ, ಅದು ನೀರಿನಲ್ಲಿ ಕರಗುವುದಿಲ್ಲ, ಅದಕ್ಕೇ ಬೆಳ್ಳಗೆ ಕಾಣುತ್ತದೆ ಎಂದು ಬಿಡಿಸಿ ಹೇಳಿದರು. ಇನ್ನೂ ಊದಿದರೆ ಆ ಪುಡಿಯೂ ಗಾಳಿಯ ಜೊತೆ ಸೇರಿ ಮತ್ತೊಂದು ವಸ್ತುವಾಗುತ್ತದೆ, ಅದು ಕರಗುತ್ತದೆ, ಕಾಣುವುದಿಲ್ಲ. ಕಾಸಿದರೆ ಹೆಚ್ಚಿಗೆ ಸೇರಿದ ಗಾಳಿ ಹಾರಿಹೋಗಿ ಪುಡಿ ಮತ್ತೆ ಹೊರಬೀಳುತ್ತದೆ.

ಮೌನೇಶ್ವರಿ ಟ್ಯೂಬನ್ನೇ ನೋಡುತ್ತಿದ್ದಳು. "ಹಂಗಾದ್ರ ಸಾಹೇಬ್ರಿಗೆ ಯಾಕ ಹೇಳ್ಲಿಲ್ರೀ?"

ಉಮೇಶ ಸರ್ ಒಲೆ ಆರಿಸಿದರು. "ನಾ ಗೆಸ್ಟ್ ಟೀಚರ್ ಅವ್ವ. ಜೂನ್‌ದಾಗ ಮತ್ತ ಕರೀಬೇಕಲ್ಲ ನನ್ನ."

ಅವಳು ಇಕ್ಕಳವನ್ನು ರೇಣುಕಮ್ಮನಿಗೆ ವಾಪಸು ಕೊಟ್ಟಳು.

ಮಾರನೆಯ ಬೆಳಿಗ್ಗೆ ಲ್ಯಾಬಿನ ಬಾಗಿಲು ತೆರೆದ ಹೆಡ್ಮಾಸ್ಟರು ಮೂಗು ಮುಚ್ಚಿಕೊಂಡು ಹೊರಗೆ ಬಂದರು. ಸಾಹೇಬರು ಊದಿದ ಸುಣ್ಣದ ನೀರು ಒಡೆದು, ಗಡ್ಡೆಗಟ್ಟಿ, ಹುಳಿ ನಾತ ಹೊಡೆಯುತ್ತಿತ್ತು. ಬಿರಡೆ ಹಾರಿ ಕೆಳಗೆ ಬಿದ್ದಿತ್ತು. 'ಮಾನ್ಯ' ಎಂಬ ಅಕ್ಷರಗಳ ಮೇಲೆ ಇರುವೆಗಳ ಸಾಲು ನಡೆದಿತ್ತು. ಸುಣ್ಣದ ನೀರು ಹೇಗೆ ಒಡೆಯುತ್ತದೆಂದು ಕೇಳುವ ಹಾಗೂ ಇರಲಿಲ್ಲ, ಹೇಳುವ ಹಾಗೂ ಇರಲಿಲ್ಲ. ಹೆಡ್ಮಾಸ್ಟರು ತಾವೇ ಹಿತ್ತಲಿಗೆ ಹೋಗಿ ಚೆಲ್ಲಿ ಬಂದರು.

ಆದರೆ ಫೋಟೊ ಆಗಲೇ ತಾಲೂಕಿನ ಗ್ರೂಪಿನ ತುಂಬ ಹರಿದಾಡಿತ್ತು. ಕವಿತಾಳದ ಕಡೆಯ ಹೆಡ್ಮಾಸ್ಟರೊಬ್ಬರು ಆ ಟ್ಯೂಬು ನೋಡಲು ಹೊರಟಿದ್ದೂ ಆಗಿತ್ತು. ಮೌನೇಶ್ವರಿಯನ್ನು ಕರೆಸಿ, ಲಗೂನ ಒಂದು ಹೊಸದು ಮಾಡಿಡು ಎಂದು, ಹೆಡ್ಮಾಸ್ಟರು ಚೀಟಿಯ ಮೇಲಿನ ಇರುವೆ ಝಾಡಿಸಲು ತಿರುಗಿದರು.

ಮೌನೇಶ್ವರಿ ಸೋಸಿದ ಸುಣ್ಣದ ನೀರು ಸುರಿದು ಊದತೊಡಗಿದಳು. ನೀರು ಬೆಳ್ಳಗಾಯಿತು. ಕಿಟಕಿಯ ಹತ್ತಿರ ಉಮೇಶ ಸರ್ ನಿಂತಿದ್ದರು. ಇವತ್ತು ಅವರು ನಿಲ್ಸು ಎನ್ನಲಿಲ್ಲ. ಅವಳು ಊದುತ್ತ ಹೋದಳು. ಟ್ಯೂಬಿನ ಆಚೆಗೆ ಮಸುಕಾಗಿದ್ದ ಅವರ ಅಂಗಿಯ ಗುಂಡಿಗಳು ಒಂದೊಂದಾಗಿ ಕಂಡವು. ಬಿರಡೆ ಹಾಕಿ ಟ್ಯೂಬನ್ನು ಸ್ಟ್ಯಾಂಡಿನಲ್ಲಿಟ್ಟಳು.

ಹೆಡ್ಮಾಸ್ಟರು ಚೀಟಿ ಹಿಡಿದು ತಿರುಗಿ ನೋಡಿ ಗಾಬರಿಯಾದರು.

"ಇದೇನಬೇ, ಬರೇ ನೀರಿಟ್ಟಿ? ಬೆಳ್ಳಗಾಗಿದ್ದು ಎಲ್ಲಿ ಹೋತು?"

"ಅದರಾಗೇ ಅದರೀ ಸರ್," ಎಂದಳು ಮೌನೇಶ್ವರಿ. "ಕಾಸಿದ್ರ ಕಾಣ್ತದ."

ಹೆಡ್ಮಾಸ್ಟರು ಪುಸ್ತಕ ತೆರೆದು ಆ ಸಾಲನ್ನು ಹುಡುಕತೊಡಗಿದರು. ಅದು ಸಿಗುವುದನ್ನು ಕಾಯದೆ, ಮೌನೇಶ್ವರಿ ಸ್ಟ್ರಾ ತೊಳೆಯಲು ನಲ್ಲಿಯ ಕಡೆ ಹೋದಳು.